ತಾಂಡಾ ಹುಡುಗರಿಗೆ ಬೇಸಿಗೆ ಕಲಾ ಇಂಟರ್ನ್‌ಶಿಪ್: ಯಾರಿಗೆ, ಹೇಗೆ, ಎಷ್ಟು ಖರ್ಚು? ಸೂರಗೊಂಡನಕೊಪ್ಪದ ಸುತ್ತಲಿನವರಿಗೆ ಪೂರ್ತಿ ಮಾಹಿತಿ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿಡ್ತಿದ್ದ ಹಾಗೇ ದಾವಣಗೆರೆ, ಶಿವಮೊಗ್ಗ ಪೇಟೆಯಲ್ಲಿ ಬೇಸಿಗೆ ಶಿಬಿರದ ಬ್ಯಾನರ್ ಏಳ್ತವೆ. ಚಿತ್ರಕಲೆ, ನಾಟಕ, ಡ್ಯಾನ್ಸು, ಕರಾಟೆ. ಫೀಸು ಕಟ್ಟಬಲ್ಲವರ ಮಕ್ಕಳು ಹೋಗ್ತಾರೆ. ಅದೇ ರಜೆಯಲ್ಲಿ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕಿನ ತಾಂಡಾಗಳ ಹೈಸ್ಕೂಲು, ಪಿಯುಸಿ ಹುಡುಗರು ಗಾರೆ ಕೆಲಸಕ್ಕೋ ತೋಟದ ಕೂಲಿಗೋ ಹೊರಡ್ತಾರೆ. ಹೆಣ್ಣುಮಕ್ಕಳು ಮನೆಗೆಲಸ ಮುಗಿಸಿ ಹೊಲಕ್ಕೆ ಹೋಗ್ತಾರೆ. ಅವರ ಮನೆಯಲ್ಲೇ, ಅಜ್ಜಿಯ ಪೆಟ್ಟಿಗೆಯಲ್ಲಿ, ಕನ್ನಡಿ, ಕವಡೆ, ನಾಣ್ಯ ಹೊಲಿದ ಫೇಟಿಯಾ, ಕಾಂಚಳಿ ಮಡಚಿಟ್ಟಿರುತ್ತೆ. ಆ ಹೊಲಿಗೆ ಹಾಕೋದು ಹೇಗೆ ಅಂತ ಬಲ್ಲ ಕೈಗಳಿಗೆ ವಯಸ್ಸಾಗ್ತಿದೆ.

ಇವೆರಡನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸುವ ದಾರಿ ಬೇಸಿಗೆ ಕಲಾ ಇಂಟರ್ನ್‌ಶಿಪ್. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮೂಲನಿವಾಸಿ ಸಮುದಾಯದ ಯುವಕರಿಗೆ ಇಂಥ ಅವಕಾಶ ಹೊಸದಲ್ಲ. ನಮ್ಮಲ್ಲಿ ಇದನ್ನು ಮಾಡೋದಾದ್ರೆ ಹೇಗೆ, ದುಡ್ಡು ಎಷ್ಟು ಬೇಕು, ಯಾವ ಇಲಾಖೆ ಬಾಗಿಲು ತಟ್ಟಬೇಕು, ಅಂಗಡಿಯವರ ಪಾತ್ರ ಏನು ಅನ್ನೋದು ಈ ಲೇಖನದಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡೋಣ. ಕಲಿಯುವ ಹುಡುಗರಿಗೂ ಕಲಿಸುವ ಅಜ್ಜಿಗೂ ದಿನಗೂಲಿ ಸಿಗದಿದ್ದರೆ ತಾಂಡಾದಲ್ಲಿ ಕಲಾ ಶಿಬಿರ ನಿಲ್ಲೋದಿಲ್ಲ. ಉದ್ಘಾಟನೆ ದಿನ ಐವತ್ತು ಜನ ಇರ್ತಾರೆ, ಎರಡನೇ ವಾರಕ್ಕೆ ಐದು ಜನ.

ಶಿಬಿರಕ್ಕೂ ಇಂಟರ್ನ್‌ಶಿಪ್‌ಗೂ ಏನು ವ್ಯತ್ಯಾಸ?

ಶಿಬಿರ ಅಂದ್ರೆ ಮಕ್ಕಳು ದುಡ್ಡು ಕೊಟ್ಟೋ ಉಚಿತವಾಗಿಯೋ ಬಂದು ಕಲಿತು ಹೋಗುವುದು. ಇಂಟರ್ನ್‌ಶಿಪ್ ಅಂದ್ರೆ ಬಲ್ಲವರ ಪಕ್ಕ ಕೂತು, ನಿಜವಾದ ಕೆಲಸದಲ್ಲಿ ಕೈ ಜೋಡಿಸಿ, ಗೌರವಧನ ಪಡೆದು ಕಲಿಯುವುದು. ಹಳೇ ಮಾತಲ್ಲಿ ಹೇಳೋದಾದ್ರೆ, ಬಡಗಿ ಹತ್ತಿರ, ಅಕ್ಕಸಾಲಿ ಹತ್ತಿರ ಹುಡುಗನ್ನ ಕೆಲಸ ಕಲಿಯೋಕೆ ಬಿಡ್ತಿದ್ರಲ್ಲ, ಅದೇ. ಇಲ್ಲಿ ಕಾಲಮಿತಿ ಇರುತ್ತೆ, ಲೆಕ್ಕ ಇರುತ್ತೆ, ಕೊನೆಗೆ ಒಂದು ಪ್ರಮಾಣಪತ್ರ ಇರುತ್ತೆ.

ಕೇಂದ್ರ ಸರ್ಕಾರದ ಪಿಎಂ ಇಂಟರ್ನ್‌ಶಿಪ್ ಯೋಜನೆಗೂ ಇದಕ್ಕೂ ಸಂಬಂಧ ಇಲ್ಲ. ಅದು 2024ರಲ್ಲಿ ಶುರುವಾದಾಗ 21ರಿಂದ 24 ವರ್ಷದವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000 ರೂ. ಅಂತ ಇತ್ತು. ತಾಂಡಾದ ಹತ್ತನೇ ಕ್ಲಾಸಿನ ಹುಡುಗಿಗೆ ಅದು ಅನ್ವಯಿಸಲ್ಲ.

ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ನಮಗೆ ಬೇಕಾದ ಮಾತೊಂದಿದೆ. 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಊರಿನ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಹತ್ತಿರ ಕಲಿಯಲಿ ಅಂತಲೂ, 6ರಿಂದ 12ನೇ ತರಗತಿವರೆಗಿನವರಿಗೆ ರಜೆ ದಿನಗಳಲ್ಲೂ ಇಂಥ ಇಂಟರ್ನ್‌ಶಿಪ್ ಸಿಗಲಿ ಅಂತಲೂ ಅದು ಹೇಳುತ್ತೆ. ನಮ್ಮ ರಾಜ್ಯದ ಶಿಕ್ಷಣ ನೀತಿ ಬೇರೆ ದಾರಿ ಹಿಡಿದಿರಬಹುದು. ಊರಿನ ಬಲ್ಲವರೂ ಮೇಷ್ಟ್ರೇ ಅನ್ನೋ ಮಾತಿಗೆ ಯಾವ ಪಕ್ಷದವರೂ ಬೇಡ ಅನ್ನಲಾರರು.

ಸೂರಗೊಂಡನಕೊಪ್ಪವೇ ಯಾಕೆ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಅಂದ್ರೆ ಭಾಯಾಗಡ್, ಸಂತ ಸೇವಾಲಾಲರು ಹುಟ್ಟಿದ ಊರು. ಭೀಮಾ ನಾಯ್ಕ್, ಧರ್ಮಣಿ ದಂಪತಿಯ ಮಗನಾಗಿ 1739ರ ಫೆಬ್ರವರಿ 15ರಂದು ಹುಟ್ಟಿದರು ಅಂತ ಸಮುದಾಯದ ನಂಬಿಕೆ. ಅವರ ಸಮಾಧಿ ಇರೋದು ಮಹಾರಾಷ್ಟ್ರದ ಪೋಹರಾದೇವಿಯಲ್ಲಿ. ಪ್ರತಿ ವರ್ಷ ಫೆಬ್ರವರಿ ಜಯಂತಿಗೆ ಕರ್ನಾಟಕದ ಮೂಲೆಮೂಲೆಯಿಂದ, ನೆರೆ ರಾಜ್ಯಗಳಿಂದ ಮಾಲಾಧಾರಿಗಳು, ಭಕ್ತರು ಬರ್ತಾರೆ. ಬಸ್ಸು, ಟ್ರ್ಯಾಕ್ಟರು, ಕಾಲ್ನಡಿಗೆ. ಆ ದಿನಗಳಲ್ಲಿ ನ್ಯಾಮತಿ, ಹೊನ್ನಾಳಿ ಅಂಗಡಿಗಳಲ್ಲಿ ಎಂಥ ವ್ಯಾಪಾರ ಆಗುತ್ತೆ ಅಂತ ಅಂಗಡಿಯವರಿಗೆ ಬೇರೆ ಹೇಳಬೇಕಿಲ್ಲ.

1997ಕ್ಕೆ ಮುಂಚೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಸೂರಗೊಂಡನಕೊಪ್ಪ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಆಮೇಲೆ ನ್ಯಾಮತಿ ತಾಲ್ಲೂಕಾಯ್ತು. ಕಚೇರಿ ಬದಲಾದರೂ ತಾಂಡಾಗಳ ನೆಂಟಸ್ತಿಕೆ, ಹೆಣ್ಣು ಕೊಟ್ಟು ತರುವ ದಾರಿ ಬದಲಾಗಿಲ್ಲ. ಅದಕ್ಕೇ ನಾಲ್ಕು ತಾಲ್ಲೂಕಿನವರು ಸೇರಿ ಮಾಡೋದಕ್ಕೆ ಭಾಯಾಗಡ್ ಎಲ್ಲರೂ ಒಪ್ಪುವ ಜಾಗ.

ಇನ್ನೊಂದು ಕಾರಣ ದುಡಿಮೆಯ ಕ್ಯಾಲೆಂಡರು. ಸುಗ್ಗಿ ಮುಗಿದ ಮೇಲೆ ತಾಂಡಾದ ಎಷ್ಟೋ ಕುಟುಂಬಗಳು ಕಬ್ಬು ಕಡಿಯೋಕೆ, ಕಾಫಿ ಸೀಮೆಗೆ ಹೋಗ್ತವೆ. ಯುಗಾದಿ ಹೊತ್ತಿಗೆ ಹೆಚ್ಚಿನವರು ವಾಪಸ್. ಜೂನ್ ಮಳೆಗೆ ಮೆಕ್ಕೆಜೋಳ ಬಿತ್ತನೆ. ನಡುವಿನ ಏಪ್ರಿಲ್, ಮೇ ತಿಂಗಳಲ್ಲಿ ಅಜ್ಜಿ, ತಾಯಿ, ಮಗಳು ಮೂವರೂ ಒಂದೇ ಊರಲ್ಲಿ ಇರ್ತಾರೆ. ಕಲಿಸೋಕೆ ಕಲಿಯೋಕೆ ವರ್ಷದಲ್ಲಿ ಸಿಗುವ ಹೊತ್ತು ಅದೊಂದೇ.

ಕಲಿಯೋಕೆ ಏನೇನಿದೆ?

ಕಸೂತಿ: ಹೊರಗಿನವರಿಗೆ ಲಂಬಾಣಿ ಕಲೆ ಅಂದ್ರೆ ಇದೇ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆ ಗುರುತಿಸಿದ್ದಾರೆ. ಕಿಲಣ್, ವೇಲೆ, ಬಕ್ಕ್ಯಾ, ಮಕಿ, ಸೂರ್ಯಕಾಂತಿ ಮಕಿ, ರೇಲೊ, ಪೋಟೆ, ಜೋಲ್ಯಾ ಅವುಗಳಲ್ಲಿ ಕೆಲವು. ನಮ್ಮ ತಾಂಡಾಗಳಲ್ಲಿ ಹೆಸರು, ಉಚ್ಚಾರಣೆ ಬೇರೆ ಇದ್ದರೆ ಅದನ್ನೇ ಬರೆದುಕೊಳ್ಳಿ. ಪುಸ್ತಕದ ಹೆಸರಿಗಿಂತ ಅಜ್ಜಿ ಹೇಳಿದ ಹೆಸರು ಮುಖ್ಯ.

ಹಾಡು, ಕುಣಿತ: ಹೋಳಿಯ ಲೇಂಗಿ, ದೀಪಾವಳಿಗೆ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಮೇರಾ, ಶ್ರಾವಣದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸಿ ಹಾಡುವ ತೀಜ್. ಇವೆಲ್ಲ ಬಾಯಿಂದ ಬಾಯಿಗೆ ಬಂದವು. ಡಿಜೆ ಬಂದ ಮೇಲೆ ಪೂರ್ತಿ ಹಾಡು ಬಲ್ಲವರು ಕಡಿಮೆ.

ಭಾಷೆ, ದಾಖಲಾತಿ: ಗೋರ್‌ಬೋಲಿಗೆ ಸ್ವಂತ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡ ಅಕ್ಷರದಲ್ಲೇ ಬರೀತಾರೆ. ಮೊಬೈಲ್ ಚೆನ್ನಾಗಿ ಬಳಸೋ ಹುಡುಗರಿಗೆ ಈ ಕೆಲಸ ಹೇಳಿ ಮಾಡಿಸಿದ್ದು: ಅಜ್ಜ ಅಜ್ಜಿಯರ ಹಾಡು, ಕತೆ ರೆಕಾರ್ಡ್ ಮಾಡೋದು, ಕನ್ನಡದಲ್ಲಿ ಬರೆದಿಡೋದು, ಹಳೇ ಬಟ್ಟೆಯ ಫೋಟೊ ತೆಗೆಯೋದು. ಬರವಣಿಗೆ ತಾಂಡಾದವರಿಗೆ ದೂರದ್ದು ಅಂತ ಯಾರೂ ಅಂದುಕೊಳ್ಳಬೇಡಿ. ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ ಹುಟ್ಟಿದ ಬಿ.ಟಿ. ಲಲಿತಾ ನಾಯಕ್ ಕನ್ನಡದ ಹೆಸರಾಂತ ಲೇಖಕಿಯಾದರು, ರಾಜ್ಯದ ಮಂತ್ರಿಯೂ ಆದರು.

ಲಂಬಾಣಿಗರಿಗೆ ಮಾತ್ರ ಇದು ಅಂತಲ್ಲ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಕುಟುಂಬಗಳ ಮಕ್ಕಳಿಗೆ, ಬಿದಿರು ಕೆಲಸದ ಮೇದಾರರ ಮಕ್ಕಳಿಗೆ, ಜಗಳೂರು ಕಡೆಯ ನಾಯಕರ ಹಟ್ಟಿ ಹುಡುಗರಿಗೆ ಅವರವರ ಹಿರಿಯರ ವಿದ್ಯೆ ಇಟ್ಟುಕೊಂಡು ಇದೇ ಮಾದರಿಯಲ್ಲಿ ಮಾಡಬಹುದು.

ಬೇರೆ ಕಡೆ ಏನಾಗಿದೆ?

ಸಂಡೂರು: ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಂಗಸರ ಜೊತೆ ಕೆಲಸ ಮಾಡ್ತಿದೆ. ಸುಮಾರು 600 ಮಹಿಳೆಯರು, 20 ಸ್ವಸಹಾಯ ಗುಂಪು. 2004 ಮತ್ತು 2012ರಲ್ಲಿ ಯುನೆಸ್ಕೊದ ಕರಕುಶಲ ಶ್ರೇಷ್ಠತಾ ಮುದ್ರೆ, 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಹೆಂಗಸರಿಗೆ ಹೊಲಿಗೆ ಸಂಪಾದನೆಯ ಕೆಲಸ. ಹಬ್ಬಕ್ಕೊಮ್ಮೆ ತೋರಿಸುವ ಪ್ರದರ್ಶನ ಆಗಿದ್ದರೆ ಇಷ್ಟು ವರ್ಷ ನಡೆಯುತ್ತಿರಲಿಲ್ಲ.

ಸಿಟ್ಟಿಲಿಂಗಿ: ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯ ಲಂಬಾಡಿ ತಾಂಡಾಗಳ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಕಸೂತಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬಲ್ಲವರು ಅಂತ ಉಳಿದಿದ್ದು ಇಬ್ಬರು ಹಿರಿಯ ಹೆಂಗಸರು. ಅಲ್ಲಿ ಆಸ್ಪತ್ರೆ ಕಟ್ಟಿದ ವೈದ್ಯ ದಂಪತಿ ರೇಗಿ ಜಾರ್ಜ್, ಲಲಿತಾ ರೇಗಿ ಅವರ ಬೆಂಬಲದಿಂದ ಆ ಇಬ್ಬರ ಹತ್ತಿರ ಕಿರಿಯ ಹೆಣ್ಣುಮಕ್ಕಳು ಕಲಿತರು. 'ಪೋರ್‌ಗೈ' ಅನ್ನೋ ಸಂಘ ಹುಟ್ಟಿತು. ಲಂಬಾಡಿಯಲ್ಲಿ ಆ ಪದಕ್ಕೆ ಹೆಮ್ಮೆ ಅಂತ ಅರ್ಥ. ಈಗ ಹತ್ತಾರು ಮಹಿಳೆಯರಿಗೆ ಊರು ಬಿಡದೆ ಸಂಪಾದನೆ. ಇಬ್ಬರಿಂದ ಮತ್ತೆ ಚಿಗುರಿಸಬಹುದು ಅನ್ನೋದಕ್ಕೆ ಇದು ಸಾಕ್ಷಿ. ಆ ಇಬ್ಬರೂ ಹೋದ ಮೇಲೆ ಹೊರಟಿದ್ದರೆ ಏನೂ ಮಾಡೋಕಾಗ್ತಿರಲಿಲ್ಲ.

ಆಸ್ಟ್ರೇಲಿಯಾ: ಅಲ್ಲಿನ ಮರುಭೂಮಿಯ ಮೂಲನಿವಾಸಿ ಚಿತ್ರಕಾರರು 1972ರಲ್ಲಿ 'ಪಪುನ್ಯಾ ಟುಲಾ' ಅನ್ನೋ ಕಂಪನಿ ಕಟ್ಟಿದರು. ಅದರ ಮಾಲೀಕರು ಕಲಾವಿದರೇ. ಹೊರಗಿನವರು ಮ್ಯಾನೇಜರ್ ಆಗಿ ಸಂಬಳಕ್ಕೆ ಬರಬಹುದು, ಒಡೆತನ ಸಮುದಾಯದ್ದು. ನಮ್ಮ ತಾಂಡಾಗಳಿಗೂ ಇದು ಗಮನಿಸಬೇಕಾದ ಅಂಶ.

ಕೂಲಿ ಲೆಕ್ಕ: ಹತ್ತು ಹುಡುಗರು, ಇಬ್ಬರು ಅಜ್ಜಿಯರು, 30 ದಿನ

ಗೌರವಧನ ಎಷ್ಟಿರಬೇಕು? ಎಲ್ಲರಿಗೂ ಗೊತ್ತಿರೋ ಅಳತೆ ಉದ್ಯೋಗ ಖಾತ್ರಿ ಕೂಲಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ದಿನಕ್ಕೆ 370 ರೂ. ಇತ್ತು. ಅದನ್ನೇ ಹಿಡಿದು ಲೆಕ್ಕ ಹಾಕೋಣ.

- ಕಲಿಸುವ ಹಿರಿಯರು ಇಬ್ಬರು: ದಿನಕ್ಕೆ 370 ರೂ. × 30 ದಿನ × 2 = 22,200 ರೂ.
- ಕಲಿಯುವವರು ಹತ್ತು ಜನ, ಅರ್ಧ ದಿನ: 185 ರೂ. × 30 ದಿನ × 10 = 55,500 ರೂ.
- ಒಟ್ಟು 77,700 ರೂ. ಇದರ ಮೇಲೆ ಬಟ್ಟೆ, ನೂಲು, ಸೂಜಿ, ಕನ್ನಡಿ, ಕವಡೆ, ಮಜ್ಜಿಗೆ, ಅವಲಕ್ಕಿ.

ಜಾತ್ರೆಯಲ್ಲಿ ಒಂದು ರಾತ್ರಿಯ ಆರ್ಕೆಸ್ಟ್ರಾ, ಪೆಂಡಾಲು, ಲೈಟಿಂಗಿಗೆ ಆಗೋ ಖರ್ಚನ್ನು ಬಲ್ಲವರಿಗೆ ಇದು ದೊಡ್ಡ ಮೊತ್ತ ಅನಿಸಲಾರದು. ಹತ್ತು ಅಂಗಡಿಯವರು, ಊರಿನ ನೌಕರಸ್ಥರು, ಬೆಂಗಳೂರಿಗೆ ಹೋಗಿ ನೆಲೆನಿಂತ ತಾಂಡಾದವರು ಒಬ್ಬೊಬ್ಬರು ಒಬ್ಬ ಹುಡುಗಿಯ 30 ದಿನದ ಗೌರವಧನ, ಅಂದ್ರೆ 5,550 ರೂ. ಹೊತ್ತುಕೊಂಡರೆ ಮುಕ್ಕಾಲು ಭಾಗ ಆಯ್ತು.

ದುಡ್ಡು ಕೊಡೋದು ವಾರಕ್ಕೊಮ್ಮೆ, ಸಹಿ ಹಾಕಿಸಿಕೊಂಡು. ಕೊನೆಗೆ ಒಟ್ಟಿಗೆ ಕೊಡ್ತೀವಿ ಅಂದ್ರೆ ಕೂಲಿ ಬಿಟ್ಟು ಬಂದ ಮನೆಯವರಿಗೆ ಕಷ್ಟ. ಹಿರಿಯರ ದುಡ್ಡು ಹಿರಿಯರ ಕೈಗೇ ಹೋಗಲಿ. ಶಾಲು, ಹಾರ, ನೆನಪಿನ ಕಾಣಿಕೆ ಕೂಲಿಗೆ ಬದಲಿ ಆಗಲ್ಲ.

ಆರು ವಾರದ ಪಟ್ಟಿ: ಒಂದು ಮಾದರಿ

ವಾರಕ್ಕೆ 5 ದಿನ, ಬೆಳಿಗ್ಗೆ 7ರಿಂದ 11. ಬಿಸಿಲೇರುವ ಮೊದಲೇ ಮುಗಿಯುತ್ತೆ, ಮಧ್ಯಾಹ್ನದ ಮನೆಗೆಲಸಕ್ಕೂ ತೊಂದರೆ ಇಲ್ಲ. ತಾಂಡಾದ ಸೇವಾಲಾಲ್ ಗುಡಿ ಕಟ್ಟೆ, ಸಮುದಾಯ ಭವನ ಅಥವಾ ಎಸ್‌ಡಿಎಂಸಿ ಒಪ್ಪಿದರೆ ಶಾಲೆ ಕೊಠಡಿ ಸಾಕು.

1ನೇ ವಾರ: ಸೂಜಿ ಹಿಡಿಯೋದಿಲ್ಲ. ತಾಂಡಾದ ಮನೆಮನೆಗೆ ಹೋಗಿ ಹಳೇ ಫೇಟಿಯಾ, ಕಾಂಚಳಿ, ಟುಕ್ರಿ ನೋಡೋದು, ಮನೆಯವರನ್ನು ಕೇಳಿ ಫೋಟೊ ತೆಗೆಯೋದು, ಯಾವ ಹೊಲಿಗೆಗೆ ಏನು ಹೆಸರು ಅಂತ ಬರೆಯೋದು. ಯಾಡಿ, ಅಂದ್ರೆ ತಾಯಿ, ಮದುವೆಗೆ ಯಾವುದು ಉಟ್ಟಿದ್ದಳು, ಯಾರು ಹೊಲಿದಿದ್ದು ಅಂತ ಕೇಳಿದರೆ ಕತೆ ತಾನೇ ಬರುತ್ತೆ.

2 ಮತ್ತು 3ನೇ ವಾರ: ಕೋರಾ ಬಟ್ಟೆಯ ತುಂಡಿನ ಮೇಲೆ ದಿನಕ್ಕೊಂದು ಹೊಲಿಗೆ. ಕನ್ನಡಿ ಕೂರಿಸೋದು, ಅಂಚು ಕಟ್ಟೋದು. ಪ್ರತಿಯೊಬ್ಬರಿಗೂ ಒಂದು ಮಾದರಿ ಬಟ್ಟೆ ಸಿದ್ಧವಾಗಬೇಕು. ಅದು ಅವರ ನೋಟ್‌ಬುಕ್ಕು.

4 ಮತ್ತು 5ನೇ ವಾರ: ಮಾರಾಟಕ್ಕೆ ಆಗುವ ಚಿಕ್ಕ ವಸ್ತು. ಮೊಬೈಲ್ ಚೀಲ, ಫೈಲ್ ಕವರ್, ಬಾಗಿಲ ತೋರಣ, ಪರ್ಸು. ಹೊಲಿಗೆಯ ಜೊತೆ ಗಂಟೆ ಎಣಿಸೋದು, ಬೆಲೆ ಕಟ್ಟೋದು, ಬಿಲ್ ಬರೆಯೋದು. ಹುಡುಗರಿಗೆ ಹಾಡು ರೆಕಾರ್ಡಿಂಗ್, ಫೋಟೊ, ಲೆಕ್ಕದ ಕೆಲಸವೂ ಇರಲಿ, ಸೂಜಿಯೂ ಇರಲಿ. ಸೂಜಿ ಹಿಡಿದರೆ ಗಂಡಸುತನ ಹೋಗಲ್ಲ. ಪೇಟೆಯ ಟೈಲರ್‌ಗಳೆಲ್ಲ ಗಂಡಸರೇ ತಾನೆ.

6ನೇ ವಾರ: ಕಟ್ಟೆಯ ಮೇಲೆ ಪ್ರದರ್ಶನ. ನಾಯ್ಕ್, ಡಾವೊ, ಕಾರಬಾರಿ, ಶಾಲೆ ಮೇಷ್ಟ್ರು, ಅಂಗಡಿಯವರು ಬರಲಿ. ಭಾಷಣ ಕಡಿಮೆ ಇರಲಿ. ಮಾಡಿದವರ ಹೆಸರು, ಕಲಿಸಿದವರ ಹೆಸರು ಪ್ರತಿ ವಸ್ತುವಿನ ಪಕ್ಕ ಬರೆದಿರಲಿ.

ಮೇ ಕೊನೆಗೆ ಕಲಿತವರು ಮಳೆಗಾಲದ ಸಂಜೆಗಳಲ್ಲಿ ಹೊಲಿದರೆ ಫೆಬ್ರವರಿ ಜಯಂತಿಯ ಹೊತ್ತಿಗೆ ಎಂಟು ತಿಂಗಳ ಮಾಲು ಸಿದ್ಧ. ಭಾಯಾಗಡ್‌ಗೆ ಬರೋ ಭಕ್ತರಿಗಿಂತ ಒಳ್ಳೆ ಗಿರಾಕಿ ಎಲ್ಲಿ ಸಿಗ್ತಾರೆ?

ವಯಸ್ಸು, ಕಾನೂನು: ಇದನ್ನು ತಪ್ಪಿಸಬೇಡಿ

14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಅಂಗಡಿ, ಉದ್ಯಮದಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಇದನ್ನು ಬಿಗಿ ಮಾಡಿದೆ. 'ಕಲಿಯೋಕೆ ಬಂದಿದ್ದಾರೆ' ಅನ್ನೋ ನೆಪ ನಡೆಯಲ್ಲ. ಶಾಲೆ ಬಿಟ್ಟ ಹೊತ್ತಲ್ಲಿ, ರಜೆಯಲ್ಲಿ ಸ್ವಂತ ಮನೆಯವರಿಗೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗೋದಕ್ಕೆ ಅವಕಾಶ ಇದೆ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ.

ಹಾಗಾಗಿ ಇಂಟರ್ನ್‌ಶಿಪ್ ವಯಸ್ಸು 15ರಿಂದ 25 ಇಟ್ಟುಕೊಳ್ಳೋದು ಸುರಕ್ಷಿತ. 18ರೊಳಗಿನವರಿಗೆ ತಂದೆತಾಯಿಯ ಲಿಖಿತ ಒಪ್ಪಿಗೆ ಇರಲಿ. ಅವರಿಗೆ ಕೊಡೋದು ಕಲಿಕೆಯ ಗೌರವಧನ. ಇಷ್ಟು ಪೀಸ್ ಮಾಡಲೇಬೇಕು ಅಂತ ಗುರಿ ಹಾಕಬಾರದು. ಹೆಣ್ಣುಮಕ್ಕಳಿರುವ ಕಡೆ ಇಬ್ಬರು ಹಿರಿಯ ಹೆಂಗಸರು ಸದಾ ಜೊತೆಗಿರಬೇಕು.

ಯಾವ ಯೋಜನೆ ಯಾರಿಗೆ?

ಮೊದಲು ಒಂದು ಗೊಂದಲ ಬಗೆಹರಿಸೋಣ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ತೆಲಂಗಾಣ, ಆಂಧ್ರದಲ್ಲಿ ಇದೇ ಜನ ಪರಿಶಿಷ್ಟ ಪಂಗಡ. ಆದ್ದರಿಂದ ಇಂಟರ್ನೆಟ್‌ನಲ್ಲಿ 'ಬುಡಕಟ್ಟು ಯುವಕರಿಗೆ' ಅಂತ ಕಂಡ ಯೋಜನೆಗೆಲ್ಲ ನಮ್ಮ ತಾಂಡಾದವರು ಅರ್ಜಿ ಹಾಕಿದರೆ ತಿರಸ್ಕಾರ ಆಗುತ್ತೆ. ಇಲ್ಲಿ ನಾಯಕ, ಹಕ್ಕಿಪಿಕ್ಕಿ, ಮೇದಾರರು ಪರಿಶಿಷ್ಟ ಪಂಗಡ. ಅವರಿಗೆ ಆ ಬಾಗಿಲು ತೆರೆದಿದೆ. ಅರ್ಜಿ ತುಂಬುವ ಮುಂಚೆ ಜಾತಿ ಪ್ರಮಾಣಪತ್ರ ನೋಡಿಕೊಳ್ಳಿ.

ಕರ್ನಾಟಕ ತಾಂಡಾ ಅಭಿವೃದ್ಧಿ ನಿಗಮ: ತಾಂಡಾಗಳ ವಿಷಯಕ್ಕೆ ಮೊದಲು ಹೋಗಬೇಕಾದ ಕಚೇರಿ. ಒಬ್ಬೊಬ್ಬರಾಗಿ ಹೋಗೋದಕ್ಕಿಂತ ತಾಂಡಾದ ಸಂಘ ಅಥವಾ ಸ್ವಸಹಾಯ ಗುಂಪಿನ ಹೆಸರಲ್ಲಿ, ಕಲಿಯುವವರ ಪಟ್ಟಿ, ಕಲಿಸುವವರ ಹೆಸರು, ಮೇಲಿನಂಥ ಲೆಕ್ಕ ಸೇರಿಸಿ ಮನವಿ ಕೊಡಿ.

ಬಂಜಾರ ಭಾಷಾ ಮತ್ತು ಸಂಸ್ಕೃತಿ ಅಕಾಡೆಮಿ: ಹಾಡು, ಭಾಷೆ, ದಾಖಲಾತಿ ಭಾಗಕ್ಕೆ ಇಲ್ಲಿ ಕೇಳಬಹುದು. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ದಾವಣಗೆರೆಯಲ್ಲಿ 1964ರಿಂದ ನಡೆಯುತ್ತಿರುವ ದೃಶ್ಯಕಲಾ ಮಹಾವಿದ್ಯಾಲಯ ಕೂಡ ನಮ್ಮ ಕೈಗೆಟುಕುವ ದೂರದಲ್ಲಿವೆ. ಅಲ್ಲಿನ ಅಧ್ಯಾಪಕರನ್ನು, ವಿದ್ಯಾರ್ಥಿಗಳನ್ನು ವಾರಕ್ಕೊಮ್ಮೆ ಕರೆಸಿಕೊಳ್ಳಬಹುದು.

ಗುರು-ಶಿಷ್ಯ ಪರಂಪರೆ ಯೋಜನೆ: ಕೇಂದ್ರ ಸಂಸ್ಕೃತಿ ಸಚಿವಾಲಯದ ವಲಯ ಸಾಂಸ್ಕೃತಿಕ ಕೇಂದ್ರಗಳು ನಡೆಸುತ್ತವೆ. ಕರ್ನಾಟಕ ತಂಜಾವೂರಿನ ದಕ್ಷಿಣ ವಲಯಕ್ಕೂ ನಾಗಪುರದ ದಕ್ಷಿಣ ಮಧ್ಯ ವಲಯಕ್ಕೂ ಸೇರಿದೆ. ಮರೆಯಾಗ್ತಿರೋ ಜನಪದ ಕಲೆಗಳನ್ನು ಕಲಿಸುವ ಗುರುವಿಗೂ ಕಲಿಯುವ ಶಿಷ್ಯರಿಗೂ ಮಾಸಿಕ ಹಣ ಕೊಡೋದು ಇದರ ರೀತಿ. ಕಲಿಯುವವರಿಗೂ ಕೂಲಿ ಬೇಕು ಅಂತ ಸರ್ಕಾರವೇ ಒಪ್ಪಿದ ಹಾಗಾಯ್ತು.

ಯುವ ಕಲಾವಿದರ ವಿದ್ಯಾರ್ಥಿವೇತನ: 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂ., 2 ವರ್ಷ. ಜನಪದ ಹಾಡು, ಕುಣಿತಕ್ಕೂ ಅವಕಾಶ ಇದೆ. ಆದರೆ ಗುರುವಿನ ಹತ್ತಿರ ಮೊದಲೇ 5 ವರ್ಷ ಕಲಿತಿರಬೇಕು. 10ರಿಂದ 14 ವರ್ಷದ ಮಕ್ಕಳಿಗೆ ಸಿಸಿಆರ್‌ಟಿ ಸಂಸ್ಥೆಯ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ ಬೇರೆ ಇದೆ. ಇವತ್ತು ಶುರು ಮಾಡಿದ ಕಲಿಕೆಯನ್ನು ವರ್ಷವರ್ಷ ಬರೆದಿಟ್ಟರೆ ಮುಂದೆ ಈ ಅರ್ಜಿಗಳಿಗೆ ಆಧಾರ.

ಪಿಎಂ ವಿಶ್ವಕರ್ಮ: 2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ. 18 ತುಂಬಿರಬೇಕು, ಮನೆಗೆ ಒಬ್ಬರಿಗೆ ಮಾತ್ರ. ತರಬೇತಿ ದಿನಕ್ಕೆ 500 ರೂ., ಸಲಕರಣೆಗೆ 15,000 ರೂ. ಇದರ 18 ಕಸುಬುಗಳ ಪಟ್ಟಿಯಲ್ಲಿ ಟೈಲರಿಂಗ್ ಇದೆ, ಬುಟ್ಟಿ-ಚಾಪೆ ಹೆಣಿಗೆ ಇದೆ. ಕಸೂತಿ ಅಂತ ಪ್ರತ್ಯೇಕವಾಗಿ ಇಲ್ಲ. ಯಾರಾದ್ರೂ ಕಸೂತಿಗೆ ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಪೆಹಚಾನ್ ಕಾರ್ಡ್: ಕೇಂದ್ರ ಜವಳಿ ಸಚಿವಾಲಯ ಕರಕುಶಲಕರ್ಮಿಗಳಿಗೆ ಕೊಡುವ ಗುರುತಿನ ಚೀಟಿ. ಮೇಳಗಳಲ್ಲಿ ಮಳಿಗೆ, ತರಬೇತಿಗಳಿಗೆ ಇದನ್ನು ಕೇಳ್ತಾರೆ. ಕಲಿಸುವ ಅಜ್ಜಿಯರಿಗೆ ಮೊದಲು ಇದನ್ನು ಮಾಡಿಸಿ.

ಅಂಗಡಿಯವರಿಗೆ ನಾಲ್ಕು ಮಾತು

ಒಂದು, ಬೆಲೆ. ಒಂದು ಮೊಬೈಲ್ ಚೀಲಕ್ಕೆ 5 ಗಂಟೆ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. 8 ಗಂಟೆಗೆ 370 ರೂ. ಅಂದ್ರೆ 5 ಗಂಟೆಗೆ ಕೈಕೂಲಿಯೇ ಸುಮಾರು 231 ರೂ. ಆಯ್ತು. ಬಟ್ಟೆ, ನೂಲು, ನಿಮ್ಮ ಲಾಭ ಸೇರಿಸಿ ಬೆಲೆ ಹೇಳಬೇಕು. ಅದನ್ನೇ 150ಕ್ಕೆ ಕೊಡು ಅಂದ್ರೆ ಹೊಲಿದವಳ ಕೂಲಿಯಲ್ಲೇ 81 ರೂ. ಕಳೆದಂತೆ. ಮಿಷಿನ್ ಪ್ರಿಂಟಿನ ಮಾಲು ಅಗ್ಗಕ್ಕೆ ಸಿಗುತ್ತೆ, ನಿಜ. ಎರಡನ್ನೂ ಬೇರೆಬೇರೆ ಕಡೆ ಇಡಿ, ಇದು ಕೈಹೊಲಿಗೆ ಅಂತ ಗಿರಾಕಿಗೆ ಹೇಳಿ.

ಎರಡು, ಹೆಸರು. 'ಸಂಡೂರು ಲಂಬಾಣಿ ಕಸೂತಿ' ಅನ್ನೋದು 1999ರ ಭೌಗೋಳಿಕ ಗುರುತು ಕಾಯ್ದೆಯಡಿ ನೋಂದಣಿಯಾದ ಹೆಸರು. ನ್ಯಾಮತಿಯಲ್ಲಿ ಹೊಲಿದದ್ದಕ್ಕೆ ಆ ಚೀಟಿ ಅಂಟಿಸಿದರೆ ಅಪರಾಧ. ಲಂಬಾಣಿ ಕಸೂತಿ ಅಂತಲೋ, ಭಾಯಾಗಡ್‌ನಲ್ಲಿ ಮಾಡಿದ್ದು ಅಂತಲೋ ಬರೆಯಿರಿ. ಅದು ಸತ್ಯವೂ ಹೌದು, ಭಕ್ತರಿಗೆ ಇಷ್ಟವೂ ಆಗುತ್ತೆ.

ಮೂರು, ಅಪ್ರೆಂಟಿಸ್. 4 ಅಥವಾ ಹೆಚ್ಚು ಜನ ಕೆಲಸ ಮಾಡುವ ಹೊಲಿಗೆ ಅಂಗಡಿ, ಗಾರ್ಮೆಂಟ್ಸ್ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಲಿಯುವವರನ್ನು ತೆಗೆದುಕೊಳ್ಳಬಹುದು. ಅವರ ಸ್ಟೈಪೆಂಡ್‌ನ ಶೇ 25ರಷ್ಟು, ತಿಂಗಳಿಗೆ 1,500 ರೂ. ಮೀರದಂತೆ, ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸಿಗುತ್ತೆ. ಬೇಸಿಗೆಯಲ್ಲಿ ಚೆನ್ನಾಗಿ ಕಲಿತ 18 ದಾಟಿದವರಿಗೆ ಇದು ಮುಂದಿನ ಮೆಟ್ಟಿಲು.

ನಾಲ್ಕು, ಹಳೇ ಬಟ್ಟೆ. ಹಳೇ ಫೇಟಿಯಾ, ಕಾಂಚಳಿ ಕೊಂಡು ಕತ್ತರಿಸಿ ಚೀಲ, ದಿಂಬು ಮಾಡಿ ಪ್ರವಾಸಿಗರಿಗೆ ಮಾರುವ ವ್ಯಾಪಾರ ಗೋವಾ ಕಡೆ ಜೋರಾಗಿದೆ. ಕಷ್ಟಕ್ಕೆ ಮಾರುವವರನ್ನು ಬೇಡ ಅನ್ನೋಕಾಗಲ್ಲ. ಮಾರೋ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಹೊಲಿದವರ ಹೆಸರು ಬರೆದಿಡಿ ಅಂತ ಹೇಳಿ. ಮಾದರಿ ಹೋದರೆ ಮತ್ತೆ ಹೊಲಿಯೋಕೆ ನೋಡಿಕೊಳ್ಳಲು ಏನೂ ಉಳಿಯಲ್ಲ.

ಮನೆಯವರು ಕೇಳುವ ಪ್ರಶ್ನೆಗಳು

ಇದರಿಂದ ಓದಿಗೆ ತೊಂದರೆ ಆಗಲ್ವಾ? ರಜೆಯಲ್ಲಿ ಬೆಳಗಿನ 4 ಗಂಟೆ ಮಾತ್ರ. ಪೂರಕ ಪರೀಕ್ಷೆ ಬರೆಯುವವರು ಆ ದಿನಗಳಲ್ಲಿ ಬಿಡುವು ತಗೊಳ್ಳಲಿ. ಅಳತೆ, ಲೆಕ್ಕ, ಬರವಣಿಗೆ ಎಲ್ಲ ಇದರಲ್ಲೂ ಇದೆ.

ಇದೇ ವೃತ್ತಿ ಆಗುತ್ತಾ? ಎಲ್ಲರಿಗೂ ಆಗಲ್ಲ. ಹತ್ತರಲ್ಲಿ ಇಬ್ಬರು ಮುಂದುವರಿದರೂ ಕಲೆ ಮುಂದಿನ ತಲೆಮಾರಿಗೆ ದಾಟಿತು. ಉಳಿದ ಎಂಟು ಮಂದಿಗೆ ಕೈಯಲ್ಲಿ ಒಂದು ವಿದ್ಯೆ, 5,550 ರೂ., ಮತ್ತು ತಮ್ಮ ಅಜ್ಜಿ ಏನು ಬಲ್ಲವಳು ಅನ್ನೋ ತಿಳಿವಳಿಕೆ.

ಆ ಬಟ್ಟೆ ಉಟ್ಟರೆ ಪೇಟೆಯಲ್ಲಿ ನೋಡಿ ನಗ್ತಾರಲ್ಲ? ಹುಡುಗಿಯರು ಇದನ್ನು ಕೇಳ್ತಾರೆ, ಕೇಳೋದು ನ್ಯಾಯವೂ ಹೌದು. 1871ರ ಕಾಯ್ದೆಯಲ್ಲಿ ಬ್ರಿಟಿಷರು ಎಷ್ಟೋ ಅಲೆಮಾರಿ ಸಮುದಾಯಗಳಿಗೆ 'ಅಪರಾಧಿ ಬುಡಕಟ್ಟು' ಅನ್ನೋ ಹಣೆಪಟ್ಟಿ ಹಚ್ಚಿದರು. 1952ರಲ್ಲಿ ಕಾಯ್ದೆ ಹೋಯ್ತು, ಉಡುಪು ನೋಡಿ ಅಳೆಯುವ ಚಾಳಿ ಪೂರ್ತಿ ಹೋಗಿಲ್ಲ. ಯಾರೂ ಬಲವಂತವಾಗಿ ಉಡಬೇಕಿಲ್ಲ. ಉಡದಿದ್ದರೂ ಹೊಲಿಯೋದು ಕಲಿಯಬಹುದು.

ಈಗಲೇ ಮಾಡಬೇಕಾದ್ದು

ಸಂಕ್ರಾಂತಿ ಕಳೆದ ಮೇಲೆ ತಾಂಡಾದ ಸಭೆಯಲ್ಲಿ ವಿಷಯ ಇಡಿ. ಕಲಿಸಬಲ್ಲ ಹಿರಿಯರ ಹೆಸರು ಬರೆಯಿರಿ. ಅವರ ಆರೋಗ್ಯ, ಕಣ್ಣು ಹೇಗಿದೆ ವಿಚಾರಿಸಿ. ಕನ್ನಡಕ ಬೇಕಿದ್ದರೆ ಮೊದಲ ಖರ್ಚು ಅದೇ ಆಗಲಿ. ಫೆಬ್ರವರಿ ಜಯಂತಿಗೆ ಬಂದ ಊರಿನ ನೌಕರಸ್ಥರು, ಅಂಗಡಿಯವರ ಹತ್ತಿರ ಗೌರವಧನದ ಮಾತಾಡಿ, ಹೆಸರು ಬರೆಸಿಕೊಳ್ಳಿ. ಮಾರ್ಚ್‌ನಲ್ಲಿ ಸ್ವಸಹಾಯ ಗುಂಪಿನ ಬ್ಯಾಂಕ್ ಖಾತೆಗೆ ಹಣ ಸೇರಿಸಿ, ಜಾಗಕ್ಕೆ ಅನುಮತಿ ಪಡೆಯಿರಿ, ನಿಗಮಕ್ಕೆ ಮನವಿ ಕೊಡಿ. ಯುಗಾದಿಗೆ ಎಲ್ಲರೂ ಊರಿಗೆ ಬಂದಾಗ ಕಲಿಯುವವರ ಪಟ್ಟಿ ಅಂತಿಮ. ಸರ್ಕಾರದ ದುಡ್ಡು ಬಂದ ಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ಮೊದಲ ವರ್ಷ ಇಬ್ಬರು ಅಜ್ಜಿಯರು, ಐದು ಜನ ಕಲಿಯುವವರು ಆದರೂ ಸಾಕು.